ಸೊನ್ನೆ ಹಿಟ್ಟು

ಹೊಳೆನರಸೀಪುರದಲ್ಲಿ ಒಂದು ಆಫೀಸಿದೆ. ಯಾವ ಆಫೀಸು ಅಂತ ಕೇಳಬಾರದು. ಹೇಳಿದರೆ, ಹೇಳಿದವನು ಯಾವ ಅಧಿಕಾರದ ಮೇಲೆ ಹೇಳಿದ ಅಂತ ಅಲ್ಲಿಂದ ಒಂದು ಕಾಗದ ಬರುತ್ತದೆ. ಆ ಕಾಗದಕ್ಕೆ ಉತ್ತರ ಕೊಡಲು ಅದೇ ಆಫೀಸಿಗೆ ಮೂರು ಸಲ ಹೋಗಬೇಕಾಗುತ್ತದೆ. ಆ ಆಫೀಸಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ನಟರಾಜು ಕೂರುತ್ತಾನೆ. ಕುರ್ಚಿಗೆ ಮೂರೂವರೆ ಕಾಲು. ಉಳಿದ ಅರ್ಧಕ್ಕೆ ಹಳೆಯ ಸುತ್ತೋಲೆಗಳನ್ನು ಮಡಚಿ ಇಟ್ಟಿದ್ದಾರೆ. ಅವನ ಹುದ್ದೆಗೆ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್ ಎಂದು ಹೆಸರು. ಅಂದರೆ ದಿನವಿಡೀ ಒಳಗೆ ಕೂತು ಕೆಲಸ ಮಾಡಿದರೂ ಅವನು ಹೊರಗಿನವನು.

ಈ ವರ್ಷ ಆಫೀಸಿಗೊಂದು ಆದೇಶ ಬಂದಿತ್ತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಮೂವತ್ತು ವರ್ಷದಿಂದ ಇರುವವರಿಗೆ ಹಕ್ಕುಪತ್ರ ಕೊಡಬೇಕು. ಅವರು ಅಲ್ಲಿ ಇದ್ದಾರೆ ಅನ್ನುವುದಕ್ಕೆ ಸಾಕ್ಷಿ ಏನು? ಅವರು ಅಲ್ಲಿ ಇರುವುದು ಸಾಕ್ಷಿಯಲ್ಲ. ಗೋಡೆ ಮುಟ್ಟಿದರೆ ಕೈಗೆ ಸುಣ್ಣ ಹತ್ತುತ್ತದಲ್ಲ, ಅದೂ ಸಾಕ್ಷಿಯಲ್ಲ. ಆವತ್ತಿನ ಕಾಲದಲ್ಲಿ ಅವರು ಕೊಟ್ಟಿದ್ದ ಅರ್ಜಿ ಮಾತ್ರ ಸಾಕ್ಷಿ. ಆ ಅರ್ಜಿಗಳನ್ನೆಲ್ಲ ಎರಡು ವರ್ಷದ ಹಿಂದೆ ಟೈಪ್ ಮಾಡಿಸಿ ಹಾಸನದಲ್ಲಿರುವ ಒಂದು ಸರ್ಚ್ ಸರ್ವರ್‌ಗೆ ತುಂಬಿದ್ದರು. ಹೆಸರು ಕೇಳಿದರೆ ಅದು ಅರ್ಜಿಯನ್ನು ಹುಡುಕಿ ಕೊಡಬೇಕು. ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ. ಸೋಮವಾರ ಹಳೇಕೋಟೆಯ ಸ್ಕೂಲ್ ಮೈದಾನದಲ್ಲಿ ಹಕ್ಕುಪತ್ರ ಹಂಚುತ್ತಾರೆ. ಅರ್ಜಿ ಸಿಗದವರ ಮನೆ ಒತ್ತುವರಿ, ಕೆಡವುತ್ತಾರೆ.

ಪಟ್ಟಿ ಮುಚ್ಚುವ ಆ ವಾರ, ಮೊದಲ ದಿನ ಸೋಮವಾರದಿಂದಲೇ ಸರ್ಚ್ ಮಾಡುವ ಪುಟ ತೆರೆಯುತ್ತಿರಲಿಲ್ಲ. ತೆರೆಯಲು ಹೋದರೆ ಒಂದು ಬಳೆಯಂಥದ್ದು ಸುಮ್ಮನೆ ಸುತ್ತುತ್ತಿತ್ತು. ಆಫೀಸಿನ ಸಾಹೇಬರಾದ ಪ್ರದ್ಯುಮ್ನ ಅದನ್ನೇ ಅರ್ಧ ಗಂಟೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅವರು ಹಾಸನದವರು, ಅಕ್ಷರ ಶುದ್ಧಿಯ ಮನೆತನದವರು. ಅವರ ಬಾಯಲ್ಲಿ 'ಹ' ಅನ್ನುವ ಅಕ್ಷರ ಬಂದರೆ ಎದುರು ಕೂತವರ ಮುಖಕ್ಕೆ ಗಾಳಿ ತಾಗುತ್ತಿತ್ತು.

ನಟರಾಜು ಅಲ್ಲೇ ಸುಮ್ಮನೆ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ಸಾ, ಪುಟ ತೆರೀದಿದ್ರೆ ಓಗ್ಲಿ ಬುಡಿ. ನಾನು ಪೈಥಾನ್‌ನಾಗೆ ನಾಕು ಸಾಲು ಬರ್ದು ಸರ್ವರ್‌ನೇ ಡೈರೆಕ್ಟಾಗಿ ಕೇಳ್ಬುಡ್ತೀನಿ."

"ಪೈಥಾನಲ್ಲಿ ಪ್ರೋಗ್ರಾಂ ಬರೆಯೋಕೆ ನಿನಗೆ ಬರತ್ತಾ? ಓದಿದ್ದು ಎಷ್ಟು?"

"ಒಂಬತ್ತು ಸಾ."

"ಒಂಬತ್ತು ಸೆಮಿಸ್ಟರಾ?"

"ಒಂಬತ್ನೇ ಕ್ಲಾಸು ಸಾ."

ಸಾಹೇಬರು ಕನ್ನಡಕ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ. ತಪ್ಪಾದರೆ ನೀನೇ ಜವಾಬ್ದಾರಿ," ಎಂದರು. ಸರಿಯಾದರೆ ಯಾರು ಜವಾಬ್ದಾರಿ ಅನ್ನುವುದನ್ನು ಯಾವ ಆಫೀಸಿನಲ್ಲೂ ಹೇಳುವುದಿಲ್ಲ.

ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನಟರಾಜು ಅಷ್ಟಿಷ್ಟು ಕಲಿತಿದ್ದ. ನಾಲ್ಕು ಸಾಲು ಹನ್ನೊಂದಾಯಿತು. ಹೆಸರು ಕೊಟ್ಟರೆ ಅದು ಸರ್ವರ್‌ಗೆ ಹೋಗಿ ಕೇಳಿ, ಎಷ್ಟು ಸಿಕ್ಕಿತು ಅನ್ನುವುದನ್ನು 'ಹಿಟ್ಸ್' ಅಂತ ಒಂದು ಸಾಲಿನಲ್ಲಿ ಹೇಳುತ್ತಿತ್ತು. ಮೊದಲ ದಿನವೇ ಹಿರೀಸಾವೆ ಕಡೆಯಿಂದ ಬಂದು ಹಳೇಕೋಟೆಯಲ್ಲಿ ನೆಲೆಸಿದ್ದ ಎರಡು ಮನೆಯವರ ಅರ್ಜಿ ಸಿಕ್ಕಿತು. ಅಟೆಂಡರ್ ಶಿವಯ್ಯ ಅವನು ಕೇಳದೆಯೇ ಒಂದು ಟೀ ತಂದುಕೊಟ್ಟ. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಶಿವಯ್ಯ ಹಾಗೆ ಯಾರಿಗೂ ತಂದುಕೊಟ್ಟಿರಲಿಲ್ಲ.

ಬುಧವಾರ ಬೆಳಗ್ಗೆ ಕಿಟಕಿಗೆ ಪಾರ್ವತಮ್ಮ ಬಂದಳು. ನಟರಾಜುವಿನ ತಾಯಿಯ ಅಕ್ಕ, ಹಳೇಕೋಟೆಯವಳು. ಹಿಂದೆ ಗಂಡ ಗಂಗಯ್ಯ, ಗಂಗಯ್ಯನ ಹಿಂದೆ ಪಕ್ಕದ ಮನೆಯ ಷಡಕ್ಷರಿ. ಷಡಕ್ಷರಿ ಬಸ್‌ಸ್ಟಾಪಿನಲ್ಲಿ ಟೀ ಹೋಟೆಲು ಇಟ್ಟವನು. ಅವನಿಗೆ ತಿಳಿಯದ ವಿಷಯ ಹಳೇಕೋಟೆಯಲ್ಲಿ ನಡೆಯಲು ಹೆದರುತ್ತಿತ್ತು.

"ನಮ್ಮುಡುಗ ಆಫೀಸಲ್ಲವ್ನೆ ಅಂತ ಅವ್ರಿವ್ರ ತಾವ ಎಲ್ಲಾ ಏಳ್ಕಂಡಿವ್ನಿ ಕಣ್ ಮಗ," ಎಂದಳು ಪಾರ್ವತಮ್ಮ. "ನಮ್ಮನೆ ಗ್ವಾಡೆಗೆ ಕೆಂಪು ಬಣ್ಣ ಬಳ್ದೋಗವ್ರೆ. ಅಲ್ಲಿ ನೀರಿನ ಟ್ಯಾಂಕ್ ಕಟ್ಟುಸ್ತಾರಂತೆ. ನಿಮ್ ದೊಡ್ಡಪ್ಪ ಅರ್ಜಿ ಕೊಟ್ಟಿದ್ದುಂಟು, ನಾನೇ ಜೊತೆಗೋಗಿದ್ದೆ. ಅದೊಂದು ತೆಕ್ಕೊಟ್ಬುಡು."

"ಒಂದ್ ನಿಮಿಷದ ಕೆಲ್ಸ ದೊಡ್ಡವ್ವ." ನಟರಾಜು 'ಗಂಗಯ್ಯ ಬಿನ್ ಅಂಕಯ್ಯ' ಎಂದು ಬರೆದು ಒತ್ತಿದ. ಬಿನ್ ಎಂದರೆ ಇಂಥವನ ಮಗ. ಸರ್ಕಾರದ ಕಾಗದದಲ್ಲಿ ಅಪ್ಪನಿಲ್ಲದೆ ಯಾರೂ ಇಲ್ಲ. ಪರದೆ ಸ್ವಲ್ಪ ಯೋಚಿಸಿತು. ಅವನು ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ.

"ಇಟ್ಸ್ ಸೊನ್ನೆ ದೊಡ್ಡವ್ವ," ಎಂದ.

"ಏನು ಸೊನ್ನೆ?"

"ಇಟ್ಸ್. ದೊಡ್ಡಪ್ಪನ ಎಸ್ರಿಗೆ ಇಟ್ಸ್ ಬಂದಿಲ್ಲ."

ಪಾರ್ವತಮ್ಮ ಗಂಡನ ಕಡೆ ತಿರುಗಿದಳು. "ಕೇಳ್ದಾ? ಮನೆ ಕೇಳಾಕ್ ಬಂದ್ರೆ ನಿನ್ನೆಸ್ರಲ್ಲಿ ಇಟ್ಟೂ ಇಲ್ವಂತೆ."

"ಇಟ್ಟಾ?" ಎಂದ ಗಂಗಯ್ಯ. "ಬೆಳಿಗ್ಗೆ ತಿಂದೆನಲ್ಲ."

ನಟರಾಜು ಅದು ಮುದ್ದೆಯ ಹಿಟ್ಟಲ್ಲ, ಈ ಹಿಟ್ಟು ಇಂಗ್ಲಿಷಿನದು ಎಂದು ವಿವರಿಸಿದ. ವಿವರಿಸಿದಷ್ಟೂ ಪಾರ್ವತಮ್ಮನ ಮುಖ ಗಟ್ಟಿಯಾಯಿತು. ಇಂಗ್ಲಿಷಿನ ಹಿಟ್ಟು ಎಂದರೆ ಗೋಧಿಯೇ ಇರಬೇಕು ಅಂತ ಅವಳು ತೀರ್ಮಾನಿಸಿದಳು. ಷಡಕ್ಷರಿ ಅಲ್ಲಿ ಒಂದೂ ಮಾತಾಡಲಿಲ್ಲ. ಅವನು ಮಾತಾಡುವ ಜಾಗ ಬೇರೆ ಇತ್ತು.

ಹನ್ನೆರಡರ ಬಸ್ಸಿನಲ್ಲಿ ಅವನು ಮಾತಾಡಿದ. ಅರ್ಜಿ ಸಿಗದವರಿಗೆ ಮನೆ ಮಾತ್ರವಲ್ಲ, ರೇಷನ್ ರಾಗಿಯೂ ಕಟ್. ಸಿಕ್ಕವರಿಗೆ ಹಿಟ್ಟು ಆಫೀಸಿನಲ್ಲೇ ಕೊಡುತ್ತಾರೆ. ಪಾಪ, ಗಂಗಯ್ಯನಿಗೆ ಇವತ್ತಿಂದ ಸೊನ್ನೆ. ಕಂಪ್ಯೂಟರ್‌ನಾಗೇ ತೋರುಸ್ತು, ನಾನೇ ಕಣ್ಣಾರೆ ನೋಡ್ದೆ.

ಗುರುವಾರ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ನಲವತ್ತು ಜನ ಇದ್ದರು. ಅರ್ಧದಷ್ಟು ಜನರ ಕೈಯಲ್ಲಿ ಚೀಲ.

"ನಟರಾಜು," ಎಂದು ಸಾಹೇಬರು ಕಿಟಕಿಯಿಂದ ನೋಡುತ್ತ ಕೇಳಿದರು, "ಇವರೆಲ್ಲ ಚೀಲ ಯಾಕೆ ತಂದಿದ್ದಾರೆ?"

"ಇಟ್ಟು ತುಂಬ್ಕೊಳಾಕೆ ಸಾ."

"ನಾವು ಹಿಟ್ಟು ಕೊಡ್ತೀವಾ?"

"ಇಲ್ಲ ಸಾ. ಸರ್ವರ್ ಕೊಡ್ತದೆ. ಆದ್ರೆ ಅದು ಇಟ್ಟಲ್ಲ ಸಾ."

ಸಾಹೇಬರು ಡ್ರಾಯರ್‌ನಲ್ಲಿ ಮಾತ್ರೆ ಹುಡುಕಿದರು. ಅವರಿಗೆ ಅಸಿಡಿಟಿ ಇತ್ತು. "ಬಂದವರಿಗೆಲ್ಲ ಸೊನ್ನೆ ಅಂತ ಹೇಳಬೇಡ. ಸೊನ್ನೆ ಬಾರದ ಹಾಗೆ ಏನಾದರೂ ಮಾಡು," ಎಂದು ಮಾತ್ರೆ ನುಂಗಿದರು.

ಸೊನ್ನೆ ಬಾರದ ಹಾಗೆ ಮಾಡುವುದು ಹೇಗೆ ಅಂತ ನಟರಾಜು ಮತ್ತೆ ವಿಡಿಯೋ ನೋಡಿದ. ಇಷ್ಟು ದಿನ ಅವನ ಪ್ರಶ್ನೆ ಬಿಗಿಯಾಗಿತ್ತು: ಕೊಟ್ಟ ಮೂರೂ ಪದ ಹಾಗ್ಹಾಗೇ ಇದ್ದರೆ ಮಾತ್ರ ಕೊಡು ಅಂತ ಕೇಳುತ್ತಿತ್ತು. ಅದನ್ನು ಸಡಿಲ ಮಾಡಬಹುದಂತೆ. ಮೂರರಲ್ಲಿ ಯಾವುದೇ ಒಂದು ಪದ ಇದ್ದರೂ ಸಾಕು, ಕೊಡು. ಅವನು ಸಡಿಲ ಮಾಡಿ, ಊರು ಹಳೇಕೋಟೆ ಹೋಬಳಿ ಎಂದು ಕೊಟ್ಟು, ದೊಡ್ಡಪ್ಪನ ಹೆಸರನ್ನೇ ಮೊದಲು ಹಾಕಿದ.

ಹಿಟ್ಸ್ ಆರು ಸಾವಿರದ ಇನ್ನೂರ ಹದಿನಾಲ್ಕು.

ನಟರಾಜು ಕುರ್ಚಿಯಿಂದ ಎದ್ದ. ಸುತ್ತೋಲೆ ಜಾರಿ ಕುರ್ಚಿ ವಾಲಿತು. "ಬಂತು ದೊಡ್ಡವ್ವ," ಎಂದು ಕಿಟಕಿಯಾಚೆ ಕೂಗಿದ, "ಆರ್ ಸಾವ್ರದ್ ಇನ್ನೂರ್ ಚಿಲ್ರೆ ಇಟ್ಸ್."

ನಿನ್ನೆ ಸೊನ್ನೆ ಇದ್ದವನಿಗೆ ಇವತ್ತು ಆರು ಸಾವಿರ. ಗಂಗಯ್ಯನನ್ನು ಎಲ್ಲರೂ ತಿರುಗಿ ನೋಡಿದರು. ಗಂಗಯ್ಯ ತಪ್ಪು ಮಾಡಿದವನ ಹಾಗೆ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಒಳಗೆ ಮಗ ಇದ್ರೆ ಇಂಗೆ ನೋಡಿ," ಎಂದ ಷಡಕ್ಷರಿ. "ನಮಗೂ ಮಕ್ಳವ್ರೆ, ಆಫೀಸ್ನಾಗಿಲ್ಲ ಅಷ್ಟೇಯ."

"ಅಷ್ಟ್ ಇಟ್ಟು ಇಕ್ಕಕೆ ಜಾಗ ಎಲ್ಲೈತೆ ನಿಮಗೆ?" ಎಂದು ಒಬ್ಬಳು ಪಾರ್ವತಮ್ಮನನ್ನು ಕೇಳಿದಳು. "ನಿಮ್ಮನೆ ಕೆಡವ್ತಾರಂತಲ್ಲ."

ಪಾರ್ವತಮ್ಮ ಅವಳನ್ನು ದಾಟಿಕೊಂಡು ನಡೆದಳು. ಕಿಟಕಿಗೆ ಬಂದು ಮೆಲ್ಲಗೆ ಕೇಳಿದಳು. "ನಂಗೆ ಇಟ್ಟು ಬ್ಯಾಡ ಕಣ್ಲಾ. ಅರ್ಜಿ ಸಿಕ್ತಾ?"

ನಟರಾಜು ಪರದೆಯನ್ನು ನೋಡಿದ. ಕೆಂಪಯ್ಯ ಬಿನ್ ಮಾಯಿಗಯ್ಯ. ತಿಮ್ಮಯ್ಯ ಬಿನ್ ದೊಡ್ಡಯ್ಯ. ಭೀಮ ಬಿನ್ ಸಿದ್ದಯ್ಯ. ಹೋಬಳಿಯಲ್ಲಿ ಅರ್ಜಿ ಕೊಟ್ಟಿದ್ದ ಗಂಡಸರೆಲ್ಲ ಅರ್ಜಿ ನಂಬರಿನ ಪ್ರಕಾರ ಸಾಲಾಗಿ ನಿಂತಿದ್ದರು. ಯಾವುದೇ ಒಂದು ಪದ ಇದ್ದರೆ ಸಾಕು ಅಂದಿದ್ದ. ಎಲ್ಲರಲ್ಲೂ 'ಬಿನ್' ಇತ್ತು. ಸರ್ವರ್ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ಆ ಇಡೀ ವ್ಯವಸ್ಥೆಯಲ್ಲಿ ಹೇಳಿದ್ದನ್ನು ಮಾಡಿದವರು ಬೇರೆ ಯಾರೂ ಇರಲಿಲ್ಲ.

"ಯಾರೋ ಒಬ್ರ ಮಗ ಆಗಿರೋ ಎಲ್ರೂ ಬಂದವ್ರೆ ದೊಡ್ಡವ್ವ."

"ನಿಮ್ ದೊಡ್ಡಪ್ಪ ಯಾರೋ ಒಬ್ರ ಮಗನೇ ಅಲ್ವಾ?"

ನಟರಾಜು ಹಾಸನದ ಸಹಾಯವಾಣಿಗೆ ಫೋನ್ ಮಾಡಿದ. ಅಲ್ಲಿ ಯಶಸ್ವಿನಿ ಅನ್ನುವವರು ಎತ್ತಿಕೊಂಡರು. ದನಿ ಕೇಳಿದರೆ ಬೆಳಗ್ಗಿನಿಂದ ಇದೇ ಹದಿನೇಳನೆಯ ಫೋನು ಅನ್ನುವಂತಿತ್ತು.

"ಡೇಟಾದಲ್ಲಿ ಏನಿದೆಯೋ ಅದು ಬರತ್ತೆ, ಇಲ್ಲದ್ದು ಬರಲ್ಲ. ನೀವು ಹೆಸರನ್ನ ಸರಿಯಾಗಿ ಕೊಡಿ," ಎಂದರು.

"ಸರಿಯಾಗೇ ಕೊಟ್ಟಿವ್ನಿ ಮೇಡಂ."

"ಹಾಗಿದ್ರೆ ಡೇಟಾದಲ್ಲಿ ತಪ್ಪಾಗಿರಬೇಕು. ತಪ್ಪಾಗಿ ಹೇಗೆ ಟೈಪ್ ಮಾಡಿರಬಹುದು ಅಂತ ಯೋಚನೆ ಮಾಡಿ, ಹಾಗೆ ಕೊಡಿ."

ಇದು ಒಳ್ಳೆಯ ಸಲಹೆ ಅನ್ನಿಸಿತು. ಶುಕ್ರವಾರ ಪೂರ್ತಿ ನಟರಾಜು ತಪ್ಪುಗಳನ್ನು ಯೋಚಿಸಿದ. ಗಂಗಣ್ಣ ಕೊಟ್ಟ, ಗಂಗಪ್ಪ ಕೊಟ್ಟ, ಅಂಕಣ್ಣ, ಅಂಕೇಗೌಡ, ಅಕ್ಕಯ್ಯ. ಸೊನ್ನೆ, ಸೊನ್ನೆ, ಸೊನ್ನೆ. ಹೊರಗೆ ಜನ ಪ್ರತಿ ಸೊನ್ನೆಗೂ ಉಸಿರು ಬಿಡುತ್ತಿದ್ದರು. ಮಧ್ಯಾಹ್ನ ಅವನ ಅವ್ವ ಅರಕಲಗೂಡಿನಿಂದ ಫೋನ್ ಮಾಡಿ, "ಲೋ, ನಮ್ಮಕ್ಕನ ಮನೆ ಇಟ್ಟು ಕಿತ್ಕೊಂಡ್ಯಂತೆ, ಇನ್ನು ನನ್ ಕೂಟೆ ಮಾತಾಡ್‌ಬ್ಯಾಡ," ಎಂದು ಅದಷ್ಟನ್ನೇ ಮಾತಾಡಿ ಇಟ್ಟಳು.

ಅಷ್ಟರಲ್ಲಿ ಸಾಹೇಬರಿಗೆ ಮೇಲಿನವರ ಫೋನ್ ಬಂದಿತ್ತು. ಹಿಟ್ಟು ಹಂಚುವ ಅಧಿಕಾರ ನಿಮಗೆ ಯಾರು ಕೊಟ್ಟರು ಅಂತ. ಸಾಹೇಬರು ನಟರಾಜುವನ್ನು ಕರೆದು, "ಬಾಯಿಮಾತು ಸಾಕು. ಆ ಆರು ಸಾವಿರವೂ ಪ್ರಿಂಟ್ ತೆಗಿ. ನಾಳೆ ನಾನು ಯಾರಿಗಾದರೂ ಉತ್ತರ ಹೇಳಬೇಕಾದರೆ ಕೈಯಲ್ಲಿ ಕಾಗದ ಇರಬೇಕು," ಎಂದರು.

ಪ್ರಿಂಟರ್ ಶನಿವಾರ ಬೆಳಗ್ಗೆಯವರೆಗೂ ನರಳಿತು. ಇನ್ನೂರು ಚಿಲ್ಲರೆ ಹಾಳೆ. ಶಿವಯ್ಯ ಅದನ್ನು ತಂದು ಜಗುಲಿಯ ಮೇಲೆ ಇಟ್ಟ, ಮೇಜಿನ ಮೇಲೆ ಜಾಗವಿರಲಿಲ್ಲ. ಜಗುಲಿಯಲ್ಲಿ ಗಂಗಯ್ಯ ಕೂತಿದ್ದ. ಬುಧವಾರದಿಂದ ಅವನು ಅಲ್ಲೇ ಕೂತಿದ್ದ; ಮನೆಗೆ ಹೋದರೆ ಪೇಂಟ್ ಬಳಿದ ಗೋಡೆ ನೋಡಬೇಕಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಕೈಗೆ ಸಿಕ್ಕ ಕಾಗದ ಓದದೆ ಬಿಡುವವನಲ್ಲ. ಮೊದಲ ಹಾಳೆ ತೆಗೆದು ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಓದತೊಡಗಿದ.

ಮಧ್ಯಾಹ್ನ ಎರಡಾಯಿತು, ಮೂರಾಯಿತು. ನಟರಾಜು ಒಳಗೆ ಹೊಸ ಹೊಸ ತಪ್ಪುಗಳನ್ನು ಸರ್ವರ್‌ಗೆ ಕೊಡುತ್ತಿದ್ದ. ಹೊರಗಿನಿಂದ ದೊಡ್ಡಪ್ಪನ ದನಿ ನಲ್ಲಿಯ ನೀರಿನ ಹಾಗೆ ಒಂದೇ ಸಮ ಬರುತ್ತಿತ್ತು. ಸತ್ತವರ ಹೆಸರು ಬಂದಾಗ ಗಂಗಯ್ಯ ನಿಲ್ಲಿಸಿ, ಪಾಪ ಒಳ್ಳೇ ಮನ್ಸ, ಅನ್ನುತ್ತಿದ್ದ. ಬದುಕಿರುವವರ ಬಗ್ಗೆ ಏನೂ ಅನ್ನುತ್ತಿರಲಿಲ್ಲ.

ನಾಲ್ಕು ಗಂಟೆ ದಾಟಿತ್ತು. ಗಂಗಯ್ಯ ಹೆಂಡತಿಗೆ ಹೇಳುವುದು ಕೇಳಿಸಿತು.

"ಇಲ್ ನೋಡು, ನನ್ನೆಸ್ರಿನೋನೇ ಇನ್ನೊಬ್ಬ ಗಂಗಯ್ಯ ಅವ್ನೆ ನಮ್ಮೂರಾಗೆ. ಬಿನ್ ಹಂಕಯ್ಯ."

"ಅದ್ಯಾರು ಹಂಕಯ್ಯ?" ಎಂದಳು ಪಾರ್ವತಮ್ಮ.

"ನಾನೂ ಕಂಡಿಲ್ಲ. ಈ ಬಡ್ಡಿಮಗ ಎಲ್ಲಿದ್ನೋ. ಇವ್ನ್ ಮನೆ ಪೂರ್ವಕ್ಕೆ ಹುಚ್ಚಪ್ಪನ ಮನೆಯಂತೆ."

"ಉಚ್ಚಪ್ಪ ಅಂದ್ರೆ ನಮ್ ಷಡಕ್ಷರಿ ಅಪ್ಪ ಅಲ್ವಾ? ಅವ್ರ ಪಕ್ಕ ನಾವೇ ಇರಾದು."

"ಊಂ. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ಬಾವಿ. ನಮ್ಮನೆ ಇದ್ದಂಗೇ ಅದೆ ಇವ್ನ್ ಮನೇನೂ. ಓಗ್ಲಿ ಬುಡು, ಅವ್ನಿಗಾದ್ರೂ ಸಿಗ್ಲಿ," ಎಂದು ಗಂಗಯ್ಯ ಬೆರಳನ್ನು ಮುಂದಿನ ಸಾಲಿಗೆ ಸರಿಸಿದ.

ನಟರಾಜು ಕಿಟಕಿಯಿಂದಲೇ ಹೊರಗೆ ಹಾರಿದ. ಬಾಗಿಲು ಆರಡಿ ದೂರದಲ್ಲಿ ತೆರೆದೇ ಇತ್ತು.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ಎರಡು ವರ್ಷದ ಹಿಂದೆ ಹಳೇಕೋಟೆ ಹೋಬಳಿಯ ಅರ್ಜಿಗಳನ್ನು ಟೈಪ್ ಮಾಡಿದವನು ನಟರಾಜುವೇ. ಸ್ಕೂಲಿನಲ್ಲಿ ಅವನು 'ಅಸು ಆಲು ಕೊಡುತ್ತದೆ' ಎಂದು ಬರೆದದ್ದಕ್ಕೆ ಮೇಷ್ಟ್ರು ಆ ಹಾಳೆಯನ್ನು ಅವನ ಬೆನ್ನಿಗೆ ಅಂಟಿಸಿ ಮೂರು ಕ್ಲಾಸುಗಳಿಗೆ ಮೆರವಣಿಗೆ ಮಾಡಿಸಿದ್ದರು. ಬಾಯಲ್ಲಿ ಇಲ್ಲದ ಅಕ್ಷರವನ್ನು ಕೈ ಎಲ್ಲಿಂದ ತರಬೇಕು ಅಂತ ಆ ಮೇಷ್ಟ್ರು ಹೇಳಿಕೊಡಲಿಲ್ಲ. ಅವತ್ತಿನಿಂದ ನಟರಾಜು ಅನುಮಾನ ಬಂದ ಕಡೆಯಲ್ಲೆಲ್ಲ ಒಂದು 'ಹ' ಹಾಕಿಬಿಡುತ್ತಿದ್ದ. ಇದ್ದರೆ ಯಾರೂ ಹೊಡೆಯುವುದಿಲ್ಲ; ಇಲ್ಲದಿದ್ದರೆ ಹೊಡೆಯುತ್ತಾರೆ. ಹಾಗೆ ಅಂಕಯ್ಯ ಹಂಕಯ್ಯನಾದ. ತನ್ನ ದೊಡ್ಡಪ್ಪನ ಅಪ್ಪನನ್ನೇ ಅವನು ಗುರುತು ಸಿಗದ ಹಾಗೆ ಮಾಡಿ ಸರ್ವರ್‌ನಲ್ಲಿ ಕೂರಿಸಿದ್ದ.

ನಾಲ್ಕೂವರೆಗೆ ಯಶಸ್ವಿನಿಯವರಿಗೆ ಮತ್ತೆ ಫೋನ್ ಹೋಯಿತು. "ಒಂದ್ ಅಕ್ಷರ ತೆಗೀಬೇಕು ಮೇಡಂ."

"ತಿದ್ದುಪಡಿಗೆ ಕೋರಿಕೆ ಹಾಕಿ. ನಲವತ್ತೈದು ದಿನ."

"ಪಟ್ಟಿ ಐದು ಗಂಟೆಗೆ ಮುಚ್ತದೆ."

"ಹಾಗಿದ್ರೆ ತಪ್ಪು ಹೆಸರಲ್ಲೇ ಸೇರಿಸಿ. ಮೊದಲು ಪಟ್ಟಿಯಲ್ಲಿ ಇರಲಿ," ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ನಾನು ಹೇಳಿದೆ ಅನ್ನಬೇಡಿ," ಎಂದರು.

ನಾಲ್ಕು ಐವತ್ತಾರಕ್ಕೆ ಗಂಗಯ್ಯ ಬಿನ್ ಹಂಕಯ್ಯ ಪಟ್ಟಿ ಸೇರಿದ. ನಟರಾಜುವಿಗೆ ಖುಷಿಪಡುವಷ್ಟು ಶಕ್ತಿ ಇರಲಿಲ್ಲ. ಖುಷಿಪಡುವ ಕಾರಣವೂ ಪೂರ್ತಿ ಇರಲಿಲ್ಲ. ಯಾಕೆಂದರೆ ಐದು ಗಂಟೆಗೆ ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸೋಮವಾರ ಪತ್ರಕ್ಕೂ ಗುರುತಿನ ಚೀಟಿಗೂ ನಾನೇ ಖುದ್ದು ತಾಳೆ ನೋಡ್ತೀನಿ. ಒಂದಕ್ಷರ ವ್ಯತ್ಯಾಸ ಇದ್ದರೂ ಪತ್ರ ವಾಪಸ್. ಈ ವಾರದ ಹುಡುಗಾಟ ಸಾಕು."

ಗಂಗಯ್ಯನ ಗುರುತಿನ ಚೀಟಿಯಲ್ಲಿ ಅಂಕಯ್ಯ ಅಂತಲೇ ಇತ್ತು. ಅದನ್ನು ಬೇರೆ ಯಾರೋ ಟೈಪ್ ಮಾಡಿದ್ದರು.

ಸೋಮವಾರ ಸ್ಕೂಲ್ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಜನ ಚೀಲ ತಂದಿರಲಿಲ್ಲ. ಹಿಟ್ಟಿನ ಸುದ್ದಿ ಸುಳ್ಳು ಅಂತ ಷಡಕ್ಷರಿಯೇ ಭಾನುವಾರ ಹೋಟೆಲಿನಲ್ಲಿ ಘೋಷಿಸಿ, ಅದನ್ನು ಹಬ್ಬಿಸಿದವರಿಗೆ ಬುದ್ಧಿ ಇಲ್ಲ ಎಂದು ಬೈದಿದ್ದ. ಅವನು ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಅವನ ಪತ್ರ, ಚೀಟಿ, ಅಪ್ಪನ ಹೆಸರು ಎಲ್ಲವೂ ಅಕ್ಷರಕ್ಕಕ್ಷರ ಸರಿಯಾಗಿತ್ತು. "ನಮ್ದರಾಗೆ ಒಂದ್ ಕೊಂಬು ಎಚ್ಚುಕಮ್ಮಿ ಇಲ್ಲ," ಎಂದು ಅಕ್ಕಪಕ್ಕದವರಿಗೆ ಚೀಟಿ ತೋರಿಸುತ್ತಿದ್ದ.

ಪಾರ್ವತಮ್ಮ ಕೂತಿರಲಿಲ್ಲ. ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು.

ತಾಳೆ ನೋಡುವ ಕ್ರಮ ಹೀಗಿತ್ತು. ಹಕ್ಕುಪತ್ರಗಳ ಕಟ್ಟು ಶಿವಯ್ಯನ ಕೈಯಲ್ಲಿ. ಅವನು ಮೈಕಿನಲ್ಲಿ ಹೆಸರು ಓದಬೇಕು. ಕರೆದವನು ಬಂದು ಚೀಟಿಯನ್ನು ಸಾಹೇಬರ ಕೈಗೆ ಕೊಡಬೇಕು. ಸಾಹೇಬರು ಕಿವಿಯಲ್ಲಿ ಕೇಳುತ್ತ ಕಣ್ಣಲ್ಲಿ ಚೀಟಿ ನೋಡುತ್ತಾರೆ. ಎರಡೂ ಒಂದೇ ಆದರೆ ಸೀಲು. ಪತ್ರವನ್ನು ಮತ್ತೆ ಇಸಿದುಕೊಂಡು ನೋಡುವುದು ಅವರ ಅಂತಸ್ತಿಗೆ ಕಡಿಮೆ. ಓದುವವನು ಇರುವುದು ಯಾಕೆ ಮತ್ತೆ? ಬರೆದದ್ದನ್ನು ಬರೆದ ಹಾಗೆ ಓದದ ಮನುಷ್ಯರು ಲೋಕದಲ್ಲಿ ಇರುತ್ತಾರೆ ಅನ್ನುವುದು ಅವರ ಮನೆತನಕ್ಕೆ ಗೊತ್ತಿರಲಿಲ್ಲ.

"ದೊಡ್ಡಪ್ಪ, ಕೂಗ್ದಾಗ ಏನೂ ಮಾತಾಡ್ದೆ ಓಗಿ ನಿಂತ್ಕೊ," ಎಂದಿದ್ದ ನಟರಾಜು. ಅವನು ಲ್ಯಾಪ್‌ಟಾಪ್ ಇಟ್ಟುಕೊಂಡು ಮೇಜಿನ ತುದಿಯಲ್ಲಿ ಕೂತಿದ್ದ. ಶಿವಯ್ಯ ಮುಂದಿನ ಪತ್ರ ತೆಗೆದದ್ದನ್ನು ನೋಡಿದ. ಅಲ್ಲಿಂದಲೇ ಆ 'ಹ' ಕಾಣುತ್ತಿತ್ತು. ಅವನ ಕಣ್ಣಿಗೆ ಅದು ಊಟದ ತಟ್ಟೆಯಷ್ಟು ದೊಡ್ಡದಿತ್ತು.

ಶಿವಯ್ಯ ಗಂಟಲು ಸರಿಮಾಡಿಕೊಂಡ. ಅವನು ಹುಟ್ಟಿದ್ದು ಹರದನಹಳ್ಳಿ. ಬೆಳೆದದ್ದೂ ಅಲ್ಲೇ. ಅರವತ್ತಕ್ಕೆ ಎರಡು ಕಡಿಮೆ ವಯಸ್ಸಿನಲ್ಲಿ ಆ ಬಾಯಿಂದ ಒಂದೇ ಒಂದು 'ಹ' ಹೊರಬಿದ್ದಿದ್ದಕ್ಕೆ ದಾಖಲೆಯಿಲ್ಲ.

"ಗಂಗಯ್ಯ ಬಿನ್ ಅಂಕಯ್ಯ," ಎಂದು ಮೈಕಿನಲ್ಲಿ ಓದಿದ.

ಸಾಹೇಬರು ಚೀಟಿ ನೋಡಿದರು. "ಅಂಕಯ್ಯ. ಸರಿ ಇದೆ." ಸೀಲು ಬಿತ್ತು.

ಗಂಗಯ್ಯ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಹೆಂಡತಿಯ ಹತ್ತಿರ ನಡೆದ. ಪಾರ್ವತಮ್ಮ ಕಂಬ ಬಿಟ್ಟು ಪತ್ರ ಹಿಡಿದಳು. ಅದನ್ನು ಮಡಚಿ, ಸೆರಗಿನ ಒಳಗೆ ಇಟ್ಟು, ನಟರಾಜುವಿನ ಕಡೆ ನೋಡಿ ಒಮ್ಮೆ ತಲೆಯಾಡಿಸಿದಳು. ಆ ವಾರದಲ್ಲಿ ಮೊದಲ ಸಲ ನಟರಾಜು ಬೆನ್ನನ್ನು ಕುರ್ಚಿಗೆ ಒರಗಿಸಿದ.

"ಮುಂದಿನದು," ಎಂದರು ಸಾಹೇಬರು.

"ಷಡಕ್ಷರಿ ಬಿನ್ ಉಚ್ಚಪ್ಪ."

ಸಾಹೇಬರು ಚೀಟಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಏನು ಓದಿದೆ?"

"ಉಚ್ಚಪ್ಪ ಸಾ."

"ಇಲ್ಲಿ ಹುಚ್ಚಪ್ಪ ಅಂತಿದೆ."

"ಅದೇ ಸಾ. ಉಚ್ಚಪ್ಪ."

"ಒಂದಕ್ಷರ ವ್ಯತ್ಯಾಸ ಇದ್ದರೂ ಕೊಡಲ್ಲ ಅಂತ ಶನಿವಾರವೇ ಹೇಳಿದ್ದೆ," ಎಂದು ಸಾಹೇಬರು ಚೀಟಿಯನ್ನು ಹಿಂದಕ್ಕೆ ಕೊಟ್ಟರು. "ಪತ್ರ ಪಕ್ಕಕ್ಕಿಡಿ. ನೀವು ಆ ಕಂಪ್ಯೂಟರಿನವನನ್ನು ಕೇಳಿ."

ಷಡಕ್ಷರಿ ಇಸ್ತ್ರಿ ಅಂಗಿಯಲ್ಲಿ ಮೇಜಿನ ತುದಿಗೆ ಬಂದ.

"ಲೇ ನಟ್ರಾಜ, ನಮ್ಮಪ್ಪನ ಎಸ್ರು ಏನಂತ ಬರ್ದಿದ್ದೀಯ್ಲಾ?"

"ಸರಿಯಾಗೇ ಬರ್ದಿವ್ನಿ ಕಣಣ್ಣ."

"ಮತ್ತೆ?"

ನಟರಾಜು ಲ್ಯಾಪ್‌ಟಾಪನ್ನು ಮುಚ್ಚಿದ.

"ಅದೇ ತಪ್ಪಾಗಿರಾದು."